ಕಡವು ದಾಟಿದ ಮುಕ್ತಾತ್ಮ

ಡಿ.ಬಿ. ಕುಪ್ಪೆಯ ಕಡವಿನಲ್ಲಿ ದೋಣಿ ಹತ್ತುವವರು ಪಂಚೆ ಎತ್ತಿ ಕಟ್ಟಿಕೊಳ್ಳುತ್ತಾರೆ, ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ. ನಮ್ಮ ಮುಕ್ತಾತ್ಮ ಮಾತ್ರ ಲ್ಯಾಪ್‌ಟಾಪಿನ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು ನಿಂತಿದ್ದ. ಮಳೆಗಾಲ ಮುಗಿಯುವ ಹೊತ್ತು, ಕಬಿನಿ ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಕೇರಳದ ಪೆರಿಕ್ಕಲ್ಲೂರು. ಅಲ್ಲಿಂದ ಒಳಕ್ಕೆ ಹೋದರೆ ಮುಳ್ಳನ್ಕೊಲ್ಲಿ. ವಸುದೇವ ಬುಟ್ಟಿಯಲ್ಲಿ ಕೂಸನ್ನು ಹೊತ್ತು ಯಮುನೆ ದಾಟಿದ್ದು ಹೀಗೇ ಇದ್ದಿರಬೇಕು ಅಂದುಕೊಂಡೆ.

‘ಇಳ್ಸಿ ಕೂತ್ಕೊಳಿ ಸ್ವಾಮಿ, ಒಳಗೆ ಮೊಟ್ಟೆ ಅದಾ?’ ಅಂದ ಅಂಬಿಗ.

‘ಇಲ್ಲ, ಸ್ವಾತಂತ್ರ್ಯ ಇದೆ’ ಅಂದ ಇವನು.

ಅಂಬಿಗ ಆಮೇಲೆ ಪೆರಿಕ್ಕಲ್ಲೂರು ಮುಟ್ಟುವವರೆಗೆ ಮಾತಾಡಲಿಲ್ಲ.

ಮುಕ್ತಾತ್ಮ ಎನ್ನುವುದು ಅವನ ಹೆಸರಲ್ಲ, ನಾನಿಟ್ಟದ್ದು. ತೀರಿಕೊಂಡವರಿಗೆ ಹೇಳುವ ಮಾತು ಅದು ಎಂದು ನನ್ನ ಹೆಂಡತಿ ಗದರಿದಳು. ಆದರೆ ಮುಕ್ತ ತಂತ್ರಾಂಶಕ್ಕೆ ಆತ್ಮವನ್ನೇ ಬರೆದುಕೊಟ್ಟವನನ್ನು ಇನ್ನೇನೆಂದು ಕರೆಯುವುದು? ಇಂಥವರು ಈಗ ತಾಲ್ಲೂಕಿಗೊಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಲ್ಯಾಪ್‌ಟಾಪಿನ ಬೆನ್ನು ಕಾಣದಷ್ಟು ಸ್ಟಿಕ್ಕರು, ಎದೆಯ ಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಇರುವ ಮಾಸಲು ಅಂಗಿ. (ಆ ಹಕ್ಕಿಯನ್ನು ನೋಡಿ ನಮ್ಮ ಭಾವ, ‘ನಮ್ ಹಿನ್ನೀರಿನ ನೀರುಕಾಗೆ ಯಾಕಪ್ಪ ಇಷ್ಟು ದಪ್ಪಗಾಯ್ತು?’ ಎಂದು ಕೇಳಿದ್ದರು.) ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ವಿಂಡೋಸ್ ಮುಂದೆಯೇ ಕೂತು ಸಂಬಳ ಎಣಿಸುತ್ತಾನೆ. ಶನಿವಾರ ಬೆಳಿಗ್ಗೆ ಎಚ್.ಡಿ. ಕೋಟೆಯ ಬಸ್ಸು ಇಳಿದವನೇ ಅದೇ ಕಿಟಕಿಗಳನ್ನು ಒಡೆಯಲು ಹೊರಡುತ್ತಾನೆ.

ಅವನಿಗೆ ಇದು ಹಿಡಿದದ್ದು ಪಿಯುಸಿ ಓದುವಾಗ. ಆಗ ಉಬುಂಟು ಎಂಬ ಮುಕ್ತ ತಂತ್ರಾಂಶ ತರುವ ಕಂಪನಿಯವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು, 2011ರವರೆಗೂ ಆ ಧರ್ಮಛತ್ರ ತೆರೆದಿತ್ತು. ಇವನು ಹತ್ತು ಸಿ.ಡಿ. ತರಿಸಿದ. ಪರದೇಶದ ಲಕೋಟೆ ಕಂಡ ಪೋಸ್ಟ್‌ಮನ್, ಹುಡುಗನಿಗೆ ವಿದೇಶದ ಸಂಬಂಧ ಕುದುರಿತು ಎಂದು ಊರಿಗೆಲ್ಲ ಹೇಳಿದ. ಒಂಬತ್ತನ್ನು ಇವನು ಬಲವಂತವಾಗಿ ಹಂಚಿದ. ಹತ್ತನೆಯದನ್ನು ಅವರಪ್ಪ ರಾಗಿ ಹೊಲದಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟರು. ಬಿಸಿಲಿಗೆ ಫಳಫಳಿಸಿ ಆ ವರ್ಷ ಗಿಳಿ ಹತ್ತಿರ ಸುಳಿಯಲಿಲ್ಲವಂತೆ. ಹತ್ತು ಸಿ.ಡಿ.ಗಳಲ್ಲಿ ಜನರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ ಎಂದು ಅವರಪ್ಪ ಈಗಲೂ ಹೇಳುತ್ತಾರೆ.

ನನ್ನದು ಕೋಟೆಯಲ್ಲಿ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ತಿಥಿ ಕಾರ್ಡು, ಜೊತೆಗೆ ಶುಂಠಿ ಕರಾರು. ವಯನಾಡಿನ ರೈತರು ಹೊಳೆ ದಾಟಿ ಬಂದು ನಮ್ಮ ಕಡೆಯ ಹೊಲ ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಾರಲ್ಲ, ಆ ಕರಾರನ್ನು ಕನ್ನಡದಲ್ಲಿ ಟೈಪು ಮಾಡುವುದು ನನ್ನ ಬೇಸಿಗೆಯ ವರಮಾನ. ಈ ದೋಣಿ ಪ್ರಯಾಣಕ್ಕೆ ಮೂರು ವರ್ಷ ಮೊದಲು ಒಂದು ಶನಿವಾರ ಮುಕ್ತಾತ್ಮ ಅಂಗಡಿಗೆ ಬಂದು, ‘ನೀವು ಬಂಧನದಲ್ಲಿದ್ದೀರಿ’ ಅಂದ. ಪೊಲೀಸರ ಕಡೆಯವನೇನೋ ಎಂದು ಎದೆ ಧಸಕ್ಕೆಂದಿತು.

ಆಮೇಲೆ ವಿವರಿಸಿದ. ಕನ್ನಡ ಟೈಪು ಮಾಡಲು ನಾನು ಬಳಸುತ್ತಿದ್ದ ‘ನುಡಿ’ ತಂತ್ರಾಂಶ ಪುಕ್ಕಟೆ ನಿಜ, ಆದರೆ ಅದರ ಮೂಲಸಂಕೇತ, ಅಂದರೆ ಅದನ್ನು ಬರೆದ ಸಾಲುಗಳು, ನನ್ನ ಕೈಗೆ ಸಿಗುವುದಿಲ್ಲ; ಆದ್ದರಿಂದ ಅದು ಉಚಿತ, ಸ್ವತಂತ್ರವಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ. ಇದನ್ನು ಒಂದು ಗಂಟೆ ಹೇಳಿದ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರೀ’ ಎಂಬ ಒಂದೇ ಪದವಾದ್ದರಿಂದ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಊರೂರು ತಿರುಗಿ ಆ ಗೊಂದಲ ಬಿಡಿಸಬೇಕಾಯಿತಂತೆ. ಸರಿಯಪ್ಪ, ನಮ್ಮಲ್ಲಿ ಪುಕ್ಕಟೆಗೂ ಬಿಡುಗಡೆಗೂ ಹುಟ್ಟಿದಾಗಿನಿಂದ ಬೇರೆ ಬೇರೆ ಪದವಿದೆ. ಇಲ್ಲದ ಗೊಂದಲವನ್ನು ಮೊದಲು ತಂದುಕೊಟ್ಟು ಆಮೇಲೆ ಬಿಡಿಸಿದ ಪುಣ್ಯಾತ್ಮ! ಅಂಗಡಿಯ ಹುಡುಗ ಮಾತ್ರ ಆವತ್ತಿನಿಂದ ‘ಉಚಿತ’ ಅನ್ನಲು ಹೆದರುತ್ತಾನೆ, ‘ಫ್ರೀ’ ಅನ್ನುತ್ತಾನೆ.

ಹೀಗೆ ನನ್ನ ಕಂಪ್ಯೂಟರಿಗೆ ಸ್ವತಂತ್ರ ತಂತ್ರಾಂಶವಾದ ಲಿನಕ್ಸಿನ ಎರಡನೇ ಬಾಗಿಲು ಬಂತು. ಆನ್ ಮಾಡಿದರೆ ಮೊದಲು ಕೇಳುತ್ತದೆ: ಲಿನಕ್ಸೋ, ವಿಂಡೋಸೋ? ಲಿನಕ್ಸ್ ಬಾಗಿಲು ತೆಗೆದರೆ ಎಲ್ಲ ಕನ್ನಡ. ಫೈಲು ‘ಕಡತ’, ಫೋಲ್ಡರು ‘ಕಡತಕೋಶ’, ಪಾಸ್‌ವರ್ಡು ‘ಗುಪ್ತಪದ’. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೊಕ್ಕಂತಾಗಿ ಮೊದಲ ದಿನ ನಾನು ಗುಮಾಸ್ತರನ್ನು ಹುಡುಕಿದೆ.

ಅಸಲು ಆಟ ಶುರುವಾದದ್ದು ಹಳೆಯ ಮದುವೆ ಪತ್ರಿಕೆಯೊಂದನ್ನು ಆ ಬಾಗಿಲಲ್ಲಿ ತೆರೆದಾಗ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿದಂಥವು. ಫಾಂಟಿಲ್ಲದ ಕಡೆ ವೇಷ ಕಳಚುತ್ತದೆ. ನಮ್ಮ ‘ನ’ ಅಕ್ಷರದ ಬಣ್ಣ ತೊಳೆದರೆ ಒಳಗಿರುವುದು ಇಂಗ್ಲೆಂಡಿನ ಪೌಂಡ್ ಚಿಹ್ನೆ. ಪತ್ರಿಕೆಯ ತುಂಬ ಪೌಂಡೇ ಪೌಂಡು. ಹುಡುಗಿಯ ತಂದೆ ಇಣುಕಿ ನೋಡಿ, ‘ಇದೇನ್ ಸಾಮಿ, ವರದಕ್ಷಿಣೆ ಲೆಕ್ಕ ಬರ್ದವ್ರಾ?’ ಅಂದರು.

ಮುಕ್ತಾತ್ಮ ಅದನ್ನು ಯೂನಿಕೋಡಿಗೆ ತಿರುಗಿಸಿದ. ಪೌಂಡುಗಳು ಹೋದವು, ‘ಆಶೀರ್ವಾದ’ ಕೆಟ್ಟಿತು. ಅರ್ಕಾವತ್ತು ನಮ್ಮ ಭಾಷೆಯ ಒಂದು ಕಿತಾಪತಿ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ಕಾಗದದ ಮೇಲೆ ಅಕ್ಷರದ ಹಿಂದೆ ಹೋಗಿ ಕೂರುತ್ತದೆ. ಹಳೆಯ ಫಾಂಟು ಕೈ ಬರೆದ ಕ್ರಮವನ್ನು ಹಿಡಿಯುತ್ತದೆ, ಯೂನಿಕೋಡು ಬಾಯಿ ಆಡಿದ ಕ್ರಮವನ್ನು. ಪರಿವರ್ತಕಕ್ಕೆ ಈ ಸೂಕ್ಷ್ಮ ಗೊತ್ತಿಲ್ಲದಿದ್ದರೆ ಅರ್ಕಾವತ್ತು ದಿಕ್ಕೆಟ್ಟು ಚುಕ್ಕೆಗಳ ಉಂಗುರವೊಂದನ್ನು ತಬ್ಬಿಕೊಂಡು ನಿಲ್ಲುತ್ತದೆ. ಮದುವೆ ಪತ್ರಿಕೆಯಲ್ಲಿ ಬೇರೇನು ಕೆಟ್ಟರೂ ನಡೆದೀತು, ಆಶೀರ್ವಾದ ಕೆಟ್ಟರೆ? ಅವನು ರಾತ್ರಿ ಎರಡು ಗಂಟೆಯವರೆಗೆ ಕೂತು ಮುನ್ನೂರು ಹಳೆಯ ಪತ್ರಿಕೆಗಳ ಅರ್ಕಾವತ್ತುಗಳನ್ನು ಒಂದೊಂದಾಗಿ ಹಿಡಿದು ತಂದು ಸ್ವಸ್ಥಾನದಲ್ಲಿ ಕೂರಿಸಿದ. ಒಂದು ಪೈಸೆ ಮುಟ್ಟಲಿಲ್ಲ. ಟೀ ಕೊಟ್ಟರೆ ಅದಕ್ಕೂ ಸಕ್ಕರೆ ಎಲ್ಲಿಯದು ಎಂದು ಕೇಳಿದ.

ಈ ಜಾತಿಯವರನ್ನು ನಕ್ಕು ಬಿಡುವುದು ಸುಲಭ. ನಾನೂ ಅದನ್ನೇ ಮಾಡುತ್ತಿದ್ದೇನೆ. ಆದರೆ ಲಿನಕ್ಸಿನಲ್ಲಿ ಕನ್ನಡ ಕಾಣುವಂತಾದದ್ದು ಯಾರೋ ಹೀಗೆ ರಾತ್ರಿ ಎರಡು ಗಂಟೆಗೆ ಕೂತದ್ದರಿಂದ. ಮೊದಲು ಬಂದ ಮುಕ್ತ ಫಾಂಟುಗಳಿಗೆ ಹೂವಿನ ಹೆಸರು: ಕೇದಗೆ, ಮಲ್ಲಿಗೆ. ಆಮೇಲೆ ಹಕ್ಕಿಗಳು ಬಂದವು: ಗುಬ್ಬಿ, ನವಿಲು. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿದ್ದೂ ಸಂಬಳವಿಲ್ಲದವರ ಕೈಯಲ್ಲಿ. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿಯ ಸುದರ್ಶನ ಲೇಔಟಿನಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರವೆಂದು ಒಂದು ಶುರುವಾಯಿತು. ಸ್ವತಂತ್ರ ತಂತ್ರಾಂಶ ಚಳವಳಿಯ ಹುಡುಗರು ವಾರದ ರಜೆಯಲ್ಲಿ ಹೋಗಿ ಅಲ್ಲಿನ ಕೊಳೆಗೇರಿಯ ಮಕ್ಕಳಿಗೆ ಲಿನಕ್ಸಿನಲ್ಲೇ ಚಿತ್ರ ಬಿಡಿಸಲು ಕಲಿಸಿದರು. ನಮ್ಮವನೂ ಅಲ್ಲಿಗೆ ಹೋಗಿಬಂದವನು. ಅಲ್ಲಿ ಮಕ್ಕಳು ತನ್ನ ಮಾತು ಕೇಳಿದರು ಎಂಬುದು ಅವನ ಜೀವನದ ದೊಡ್ಡ ಹೆಮ್ಮೆ. ಉಳಿದೆಡೆ ಯಾರೂ ಕೇಳದಿರುವುದು ದೊಡ್ಡ ದುಃಖ.

ಇಷ್ಟಾದರೂ ಒಂದು ಮಾತ್ರ ಆಗಲಿಲ್ಲ: ಲಿನಕ್ಸಿನಿಂದ ಪ್ರಿಂಟ್ ಬರಲಿಲ್ಲ. ನನ್ನದು ಪುಟ್ಟ ಲೇಸರ್ ಪ್ರಿಂಟರು. ‘ಪ್ರಿಂಟರ್ ಪಾಪ ಮಾಡಿದೆ’ ಎಂದಷ್ಟೇ ಹೇಳಿ ಮುಕ್ತಾತ್ಮ ಮಾತು ಮರೆಸುತ್ತಿದ್ದ. ಮಾತು ಮರೆಸಲು ಹೇಳುತ್ತಿದ್ದ ಕಥೆಯೂ ಪ್ರಿಂಟರಿನದೇ. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಸ್ಟಾಲ್ಮನ್‌ರ ಪ್ರಯೋಗಾಲಯಕ್ಕೆ ಒಂದು ಜೆರಾಕ್ಸ್ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಸರಿಮಾಡೋಣವೆಂದರೆ ಮೂಲಸಂಕೇತ ಇರಲಿಲ್ಲ. ಇದ್ದವನನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿದ್ದೇನೆ ಅಂದ. ಆ ಸಿಟ್ಟು ಬೆಳೆದು 1983ರಲ್ಲಿ ಗ್ನೂ ಎಂಬ ಸ್ವತಂತ್ರ ತಂತ್ರಾಂಶ ಯೋಜನೆಯಾಯಿತು. ಒಂದು ಪ್ರಿಂಟರಿನಿಂದ ಹುಟ್ಟಿದ ಚಳವಳಿ ಅರ್ಧ ಭೂಮಿ ಸುತ್ತಿ ಕೋಟೆಗೆ ಬಂದು ನನ್ನ ಪ್ರಿಂಟರಿನ ಮುಂದೆ ನಿಂತುಬಿಟ್ಟಿತ್ತು. ಲಿನಕ್ಸಿನಲ್ಲಿ ಟೈಪು ಮಾಡು, ಪೆನ್ ಡ್ರೈವಿಗೆ ಹಾಕು, ಯಂತ್ರ ಆರಿಸು, ವಿಂಡೋಸ್ ಬಾಗಿಲು ತೆಗೆ, ಪ್ರಿಂಟ್ ಕೊಡು. ಗಿರಾಕಿಗಳು ಅಷ್ಟರಲ್ಲಿ ಬೋಂಡ ತಿಂದು ಬರುತ್ತಿದ್ದರು.

ಈಗ ದೋಣಿಗೆ ಬರುತ್ತೇನೆ. 2019ರ ಸೆಪ್ಟೆಂಬರ್ 21, ಶನಿವಾರ. ಸೆಪ್ಟೆಂಬರಿನ ಮೂರನೇ ಶನಿವಾರ ಈ ಮತದವರಿಗೆ ತಂತ್ರಾಂಶ ಸ್ವಾತಂತ್ರ್ಯ ದಿನ. ಹಿಂದಿನ ವರ್ಷ ಕೋಟೆಯಲ್ಲಿ ಆಚರಿಸಿ, ನಾನು, ಅಂಗಡಿಯ ಹುಡುಗ, ಬ್ಯಾನರು ಕಟ್ಟಿದವನು ಹೀಗೆ ಮೂವರು ಸೇರಿದ್ದೆವು. ಈ ಸಲ ಹೊಸ ಸೀಮೆ ಗೆಲ್ಲಬೇಕೆಂದು ಅವನಿಗೆ ಹುಕಿ. ಮುಳ್ಳನ್ಕೊಲ್ಲಿಯಲ್ಲಿ ನನ್ನ ಶುಂಠಿ ಗಿರಾಕಿಯೊಬ್ಬರ ಮನೆಯಿದೆ, ಬನ್ನಿ ಎಂದು ಕರೆಯುತ್ತಲೇ ಇದ್ದರು. ಹೊರಟೆವು.

ಮುಳ್ಳನ್ಕೊಲ್ಲಿಯ ಬಹುಪಾಲು ಮನೆಗಳ ಅಜ್ಜಂದಿರು ತಿರುವಾಂಕೂರಿನಿಂದ ಬಂದು ಕಾಡು ಕಡಿದು ಮೆಣಸು ನೆಟ್ಟವರು. ಈಗಲೂ ಪೆರಿಕ್ಕಲ್ಲೂರಿನಿಂದ ಕೋಟ್ಟಯಂ ದಿಕ್ಕಿಗೆ ಬಸ್ಸು ಹೊರಡುತ್ತದೆ, ಬೇರು ಆ ಕಡೆಗಿದೆ. ಯಜಮಾನರ ಜಗಲಿಯಲ್ಲಿ ಮೆಣಸಿನ ಗೋಣಿ ಸರಿಸಿ ಜಾಗ ಮಾಡಿಕೊಟ್ಟರು. ಅಕ್ಕಪಕ್ಕದ ಆರೇಳು ಮಕ್ಕಳು ಸೇರಿದರು. ಮುಕ್ತಾತ್ಮ ಲ್ಯಾಪ್‌ಟಾಪನ್ನು ಗರ್ಭಗುಡಿಯ ಬಾಗಿಲು ತೆರೆಯುವಷ್ಟು ನಿಧಾನವಾಗಿ ತೆರೆದ. ಪರದೆ ಬೆಳಗಿತು. ಮಕ್ಕಳ ಕಣ್ಣಲ್ಲಿ ಬೆರಗು ಮೂಡಲೆಂದು ಕಾದ.

ಒಂಬತ್ತನೇ ತರಗತಿಯ ಮೊಮ್ಮಗಳು ಬಗ್ಗಿ ನೋಡಿ, ‘ಇದ್ ಸ್ಕೂಲಿಲ್ ಉಳ್ಳದಲ್ಲೇ?’ ಅಂದಳು.

ಇದು ಸ್ಕೂಲಿನಲ್ಲಿರುವುದೇ ಅಲ್ಲವಾ! ಉಳಿದ ಮಕ್ಕಳು, ಭಾನುವಾರ ಪಾಠದ ಪುಸ್ತಕ ತೋರಿಸಿದಾಗ ಮಾಡುವ ಮುಖ ಮಾಡಿಕೊಂಡು ಎದ್ದು ಹೋದರು. ಒಬ್ಬ ಪೋರ ಮಾತ್ರ ಉಳಿದು, ಇದರಲ್ಲಿ ವಿಂಡೋಸ್ ಇಲ್ಲವಾ, ಗೇಮ್ ಆಡಬೇಕಿತ್ತು, ಎಂದು ಕೇಳಿದ.

ವಸುದೇವ ಹೊಳೆ ದಾಟಿ ಬಂದು ನೋಡುತ್ತಾನೆ, ಗೋಕುಲದ ಮನೆಮನೆಯಲ್ಲೂ ಒಂದೊಂದು ಕೃಷ್ಣ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿ, ಮುಂದೆ ಶಾಲೆಗಳನ್ನೆಲ್ಲ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಮರುವರ್ಷ ಮಕ್ಕಳದೇ ‘ಲಿಟಲ್ ಕೈಟ್ಸ್’ ಕ್ಲಬ್ಬುಗಳು ಬಂದವು. ಮೊಮ್ಮಗಳು ಅದರ ಸದಸ್ಯೆ. ಕಾಸರಗೋಡಿನ ಕನ್ನಡ ಮಾಧ್ಯಮದವರಿಗೆ ಐಟಿ ಪಾಠದ ಪುಸ್ತಕವೂ ಕನ್ನಡದಲ್ಲೇ ಇದೆ. ಮುಕ್ತಾತ್ಮನಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಬಾಯಿಪಾಠ ಗೊತ್ತಿತ್ತು, ಕೇರಳದ ಉದಾಹರಣೆ ಕೊಡದೆ ಅವನು ಭಾಷಣ ಮುಗಿಸಿದ್ದನ್ನು ನಾನು ಕಂಡಿಲ್ಲ. ಆದರೆ ಗೆದ್ದ ಮೇಲೆ ಅದು ಮಕ್ಕಳಿಗೆ ಇಷ್ಟು ಸಪ್ಪೆಯಾಗಿ ಕಾಣುತ್ತದೆ ಎಂದು ಅವನು ಎಣಿಸಿರಲಿಲ್ಲ. ಸ್ಟಿಕ್ಕರು ಹಂಚಲು ತೆಗೆದವನು ಹಾಗೇ ಚೀಲಕ್ಕೆ ಹಾಕಿಕೊಂಡ.

ಮೌನ ಮುರಿಯಲೆಂದು ನಾನು ನನ್ನ ಪ್ರಿಂಟರಿನ ಗೋಳು ತೋಡಿಕೊಂಡೆ. ಹುಡುಗಿ ಪ್ರಿಂಟರಿನ ನಂಬರು ಕೇಳಿದಳು. ‘ಅಯ್ಯೋ, ನಮ್ಮ ಲ್ಯಾಬಿನಲ್ಲಿರುವುದೂ ಅದೇ’ ಅಂದಳು. ಆ ಪ್ರಿಂಟರಿಗೆ ಸ್ವಂತ ಬುದ್ಧಿ ಇಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರು ಒಂದು ಕಡತವನ್ನು ಅದರ ತಲೆಗೆ ತುಂಬಬೇಕು. ಆ ಕಡತದ ಮೂಲಸಂಕೇತ ತಯಾರಕರು ಕೊಟ್ಟಿಲ್ಲ, ಹಾಗಾಗಿ ಬೇರೆ ಪ್ಲಗಿನ್ ಇಳಿಸಿಕೊಳ್ಳಬೇಕು. ‘ಒಂದೇ ಸಾಲು, ಸಾರ್’ ಎಂದು ಹಳೆಯ ನೋಟ್ ಪುಸ್ತಕದ ಹಾಳೆ ಹರಿದು ಬರೆದುಕೊಟ್ಟಳು.

ನಾನು ಮುಕ್ತಾತ್ಮನ ಕಡೆ ನೋಡಿದೆ. ಅವನು ಮೆಣಸಿನ ಬಳ್ಳಿ ನೋಡುತ್ತಿದ್ದ.

‘ನಿಂಗಿದು ಗೊತ್ತಿತ್ತಾ?’

‘...ಗೊತ್ತಿತ್ತು.’

‘ಮೂರು ವರ್ಷದಿಂದ?’

‘ಅದು ಸ್ವತಂತ್ರ ತಂತ್ರಾಂಶ ಅಲ್ಲ ಅಣ್ಣ. ಅದನ್ನ ಹಾಕಿದ್ರೆ ಇಷ್ಟೆಲ್ಲ ಮಾಡಿ ಏನ್ ಬಂತು?’

ಏಕಾದಶಿಯ ಉಪವಾಸ ತನ್ನದು, ಹಸಿದದ್ದು ಮಾತ್ರ ನನ್ನ ಗಿರಾಕಿಗಳು! ಬೈಯಬೇಕೆನಿಸಿತು. ಆದರೆ ಅವನ ಮುಖ ಎಷ್ಟು ಬಾಡಿತ್ತೆಂದರೆ, ಯಜಮಾನರು ಕೊಟ್ಟ ಕಪ್ಪು ಕಾಫಿಯ ಸಕ್ಕರೆ ಎಲ್ಲಿಯದೆಂದು ಕೇಳುವುದನ್ನೂ ಮರೆತಿದ್ದ.

ಕಾಡಿನ ಗೇಟು ಸಂಜೆ ಆರಕ್ಕೆ ಬೀಳುತ್ತದೆ, ಬೇಗ ಹೊರಟೆವು. ಹಿಂದಿರುಗುವಾಗ ಚೀಲ ತೊಡೆಯ ಮೇಲಿತ್ತು, ತಲೆಗೇರಲಿಲ್ಲ. ಅಂಬಿಗ, ‘ಎಲ್ಲಾ ಖರ್ಚಾಯ್ತಾ ಸ್ವಾಮಿ?’ ಎಂದು ಕೇಳಿದ. ನಾನೇ ‘ಅಲ್ಲೂ ಬೆಳೀತಾರಂತೆ’ ಅಂದೆ.

ಕೋಟೆ ಮುಟ್ಟಿದಾಗ ಅಂಗಡಿಯ ಮುಂದೆ ಗಿರಾಕಿ ಕಾದಿದ್ದರು, ಮಗಳ ಮದುವೆ ಪತ್ರಿಕೆಯ ಕರಡು ಬೇಕಿತ್ತು. ಲಿನಕ್ಸಿನ ಬಾಗಿಲು ತೆಗೆದು ಕೂತೆ. ಮುಕ್ತಾತ್ಮ ಜೇಬಿನಿಂದ ಆ ಹಾಳೆ ತೆಗೆದು ಕೀಲಿಮಣೆಯ ಮೇಲಿಟ್ಟ. ಆಮೇಲೆ ಗೋಡೆಯ ಗಣೇಶನ ಕ್ಯಾಲೆಂಡರನ್ನು ನೋಡುತ್ತ, ‘ನಾನು ಟೀ ಕುಡಿದು ಬರ್ತೀನಿ. ಹತ್ತು ನಿಮಿಷ ಆಗುತ್ತೆ’ ಅಂದು ಹೊರಟುಹೋದ. ಎದುರಿನ ಹೋಟೆಲಿನಲ್ಲಿ ನಮ್ಮ ಕಡೆಗೆ ಬೆನ್ನು ಹಾಕಿ ಕೂತದ್ದು ಕಾಣುತ್ತಿತ್ತು.

ಒಂದೇ ಸಾಲು. ಗುಪ್ತಪದ ಕೇಳಿತು, ಕೊಟ್ಟೆ. ಪ್ರಿಂಟರು ಕೆಮ್ಮಿ, ಗುರ್ ಎಂದು, ಹಾಳೆ ಎಳೆದುಕೊಂಡಿತು. ‘ಆಶೀರ್ವಾದ’ ಹೊರಗೆ ಬಂತು, ಅರ್ಕಾವತ್ತು ಇರಬೇಕಾದ ಕಡೆಯೇ ಇತ್ತು.

ಸರಿಯಾಗಿ ಹತ್ತನೇ ನಿಮಿಷಕ್ಕೆ ಅವನು ಬಾಗಿಲಲ್ಲಿ. ಹಾಳೆ ತೆಗೆದುಕೊಂಡು ದೀಪಕ್ಕೆ ಹಿಡಿದು ಅರ್ಕಾವತ್ತನ್ನಷ್ಟೇ ನೋಡಿದ. ಹೇಗೆ ಬಂತೆಂದು ಕೇಳಲಿಲ್ಲ.

‘ಎಷ್ಟಾಯ್ತು?’ ಅಂದರು ಗಿರಾಕಿ.

‘ನೋಡಿ ಇವ್ರೇ, ಇದು ಸ್ವತಂತ್ರ ತಂತ್ರಾಂಶದಲ್ಲಿ...’ ಎಂದು ಮುಕ್ತಾತ್ಮ ಶುರುಮಾಡಿದ.

‘ಹತ್ತು ರೂಪಾಯಿ’ ಅಂದೆ ನಾನು.