ಕಂತಣ್ಣ

ಸಂಘದ ಸಾಲ ಎತ್ತಿದ ಹೆಂಗಸರು ಅವನಿಗಿಟ್ಟ ಹೆಸರು ಕಂತಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಐಡಿ ಕಾರ್ಡಿನಲ್ಲಿದೆ. ಆ ಕಾರ್ಡು ಅಂಗಿ ಜೇಬಿನಲ್ಲಿ ಬೋರಲು ಮಲಗಿರುತ್ತದೆ. ಚನ್ನಗಿರಿಯ ಅಡಿಕೆ ಕಣ, ಜಗಳೂರಿನ ಮೆಕ್ಕೆಜೋಳದ ರಾಶಿ, ಹೊನ್ನಾಳಿಯ ಹೊಳೆ ದಾರಿ, ನ್ಯಾಮತಿಯ ಬಸ್ ಸ್ಟ್ಯಾಂಡು... ಎಲ್ಲಿ ಹೋದರೂ ಇಂಥವನೊಬ್ಬ ಬೈಕಿನ ಮೇಲೆ ಹಾಜರ್.

ಕಂತಣ್ಣ ಬೈಯುವವನಲ್ಲ, ಕೂರುವವನು. ಬೆಳಗ್ಗೆ ಆರೂವರೆಗೆ, ಅಂಗಳಕ್ಕೆ ನೀರು ಬೀಳುವ ಮೊದಲೇ, ಜಗುಲಿ ಮೇಲೆ ಕೂತಿರುತ್ತಾನೆ. ಕುಡಿಯೋಕೆ ನೀರು ಕೇಳುವುದು ಮಾತ್ರ ಪಕ್ಕದ ಮನೆಯಲ್ಲಿ, ಅದೂ ಗಟ್ಟಿಯಾಗಿ: ‘ಇವ್ರ ಕಂತು ಬರೋತನಕ ಏಳಂಗಿಲ್ಲ, ಒಂದ್ ಚೊಂಬು ನೀರ್ ಕೊಡಿ ಅಕ್ಕಾ!’ ಚೊಂಬು ಖಾಲಿಯಾಗುವಷ್ಟರಲ್ಲಿ ಓಣಿಗೆಲ್ಲ ಸುದ್ದಿ.

2025ರ ಫೆಬ್ರವರಿ 12ಕ್ಕೆ ಸರ್ಕಾರದ ಸುಗ್ರೀವಾಜ್ಞೆ ಬಂತು. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮರುದಿನದಿಂದ ಕಂತಣ್ಣನ ಬಾಯಲ್ಲಿ ‘ಏಯ್’ ಹೋಗಿ ‘ಅಮ್ಮಾ’ ಬಂತು. ಬರುವ ಹೊತ್ತು ಮಾತ್ರ ಬದಲಾಗಲಿಲ್ಲ.

ಒಂದು ಸಂಜೆ ಆರೂಮುಕ್ಕಾಲಿಗೆ ಹೊನ್ನಾಳಿ ಕಡೆಯ ಅಜ್ಜಿಯೊಬ್ಬಳ ಹೊಸ್ತಿಲಲ್ಲಿ ನಿಂತು ಕೂಗಿದ. ಅಜ್ಜಿ ಹೂಬತ್ತಿ ಹೊಸೆಯುತ್ತಲೇ ಅಂದಳು: ‘ಒಂಬತ್ತಕ್ಕೆ ಮುಂಚೆ, ಆರರ ಮೇಲೆ ಕರೆಯಂಗಿಲ್ಲಂತೆ. ರಿಸರ್ವ್ ಬ್ಯಾಂಕ್‌ನೋರು 2022ರಾಗೇ ಹೇಳ್ಯಾರಂತೆ, ಮೊಮ್ಮಗಳು ಓದಿ ಹೇಳಿದ್ಲು.’

‘ಅದು ಫೋನ್ ಕರೆಗೆ ಅಜ್ಜಿ.’

‘ಈಗ ಹೊಸ್ತಿಲಾಗೆ ನಿಂತು ಕರೆದ್ಯಲ್ಲ, ಅದೇನು ಹರಿಕಥೆನಾ? ಇನ್ನೊಂದು ಕೇಳು. ಕಂತಿನ ಜಾಗ ಗುಡಿ ಕಟ್ಟೆ ಅಂತ ಮಾತಾಗೈತೆ. ಮೇಲಿಂದ ಮೇಲೆ ಎರಡು ಸಲ ನಾನು ಅಲ್ಲಿಗೆ ಬರದಿದ್ರೆ ಮಾತ್ರ ನೀನು ಮನೆತನಕ ಬರಬೇಕು. ನಾನು ತಪ್ಪಿಸಿರೋದು ಒಂದೇ ಸಲ. ಸಾಲ ನಂದೇ, ಇಲ್ಲ ಅನ್ನಲ್ಲ. ಸೋಮವಾರ ಕಟ್ಟೆಗೆ ತರ್ತೀನಿ. ಈಗ ಚಾ ಕುಡಿದು ಹೋಗು.’

ಚಾ ಲೋಟ ತುಟಿಗಿಡುವಷ್ಟರಲ್ಲಿ ಅವನ ಮೊಬೈಲ್ ಬಡಿದುಕೊಂಡಿತು. ಗಂಟೆ ಏಳೂ ಹತ್ತು. ಬೈಕ್ ಸಾಲದವರು. ಕಂತಣ್ಣ ಎದ್ದೇ ನಿಂತ: ‘ಏಳರ ಮೇಲೆ ಫೋನ್ ಮಾಡಂಗಿಲ್ಲ ಸಾರ್! ರೂಲ್ಸ್ ಐತೆ!’

ಅಜ್ಜಿ ಬತ್ತಿ ಕೆಳಗಿಟ್ಟಳು. ‘ನಮಗೆ ಆರು, ನಿನಗೆ ಏಳಾ?’

‘ಅದು ಬೈಕ್ ಸಾಲ ಅಜ್ಜಿ. ಅದಕ್ಕೆ ಎಂಟರಿಂದ ಏಳು. ಕಿರುಸಾಲಕ್ಕೆ ಒಂಬತ್ತರಿಂದ ಆರು...’ ನಾಲಿಗೆ ಕಚ್ಚಿಕೊಂಡ.

‘ಹಂಗಾದ್ರೆ ಎಲ್ಲ ಗೊತ್ತಿತ್ತು ಅನ್ನು,’ ಎಂದು ಅಜ್ಜಿ ಲೋಟಕ್ಕೆ ಇನ್ನಷ್ಟು ಚಾ ಬಗ್ಗಿಸಿದಳು.