ಇಂಪ್ಲಾಂಟ್ ರಾಯರು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಆರೂವರೆಗೆ ಒಂದು ಸಭೆ ಸೇರುತ್ತದೆ. ಬೆಂಚು ಒಂದೇ, ಸದಸ್ಯರೆಲ್ಲ ನಿವೃತ್ತರು. ನೌಕರಿಯಲ್ಲಿದ್ದಾಗ ಯಾರು ಯಾವ ಕುರ್ಚಿಯಲ್ಲಿ ಕೂತಿದ್ದರು ಅನ್ನುವುದಕ್ಕೆ ಇಲ್ಲಿ ಕಿಮ್ಮತ್ತಿಲ್ಲ. ಇಲ್ಲಿಯ ಸೀನಿಯಾರಿಟಿ ಲಿಸ್ಟೇ ಬೇರೆ. ಬೈಪಾಸ್ ಆದವರಿಗೆ ಬೆಂಚಿನ ನಟ್ಟನಡುವೆ ಜಾಗ, ಮಂಡಿಚಿಪ್ಪು ಬದಲಾಯಿಸಿಕೊಂಡವರಿಗೆ ಅವರ ಪಕ್ಕ, ಕಿಡ್ನಿ ಕಲ್ಲಿನವರಿಗೆ ತುದಿ. ಬರೀ ಬಿಪಿ ಇರುವವರು ನಿಂತುಕೊಂಡೇ ಕೇಳಬೇಕು.

ನಮ್ಮ ರಾಯರು ಹನ್ನೊಂದು ವರ್ಷ ನಿಂತವರು. ಗಣೇಶನ ಹಬ್ಬ ಕಳೆದ ಮೇಲೆ ಕೆಳದವಡೆಗೆ ಒಂದೇ ಒಂದು ಹಲ್ಲು ಇಂಪ್ಲಾಂಟ್ ಮಾಡಿಸಿಕೊಂಡರು. ಮರುವಾರವೇ ಬೆಂಚಿಗೆ ಅರ್ಜಿ ಹಾಕಿದರು.

“ಬೋರ್ ಹೊಡೆದ್ರು ಕಣ್ರೀ, ಬೋರು! ದವಡೆ ಒಳಕ್ಕೆ ಹತ್ತು ಮಿಲಿಮೀಟರು!”

“ನೀರು ಎಷ್ಟು ಇಂಚು ಬಂತು?” ಅಂದರು ಕಿಡ್ನಿ ಕಲ್ಲಿನವರು. ಇರುವ ತುದಿಯೂ ಹೋದೀತು ಅನ್ನುವ ದಿಗಿಲು ಅವರಿಗೆ.

ರಾಯರು ಜಗ್ಗಲಿಲ್ಲ. “ನಗ್ತೀರಿ, ನಗಿ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೋ ಡಾಕ್ಟ್ರು ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಸಾಧನ ಕೂರಿಸಿದ್ರು. ಪರೀಕ್ಷೆ ಮುಗೀತು, ತೆಗೆಯೋಣ ಅಂದ್ರೆ ಬರಲೇ ಇಲ್ಲ. ಮೂಳೆ ಅದನ್ನ ತನ್ನದೇ ಅಂತ ಹಿಡ್ಕೊಂಡ್ಬಿಟ್ಟಿತ್ತು. 1965ರಲ್ಲಿ ಮನುಷ್ಯನ ಬಾಯಿಗೆ ಹಾಕಿದ್ರು. ಆ ಪುಣ್ಯಾತ್ಮ ಸಾಯೋವರೆಗೂ, ನಲವತ್ತು ವರ್ಷ, ಅದರಲ್ಲೇ ಅಗಿದ!” ಆಮೇಲೆ ಮಂಡಿಯವರ ಕಡೆ ತಿರುಗಿ ಮೆಲ್ಲಗೆ, “ನಿಮ್ಮದೂ ಲೋಹ, ನನ್ನದೂ ಲೋಹ” ಅಂದರು. ಮಂಡಿಯವರು ಸರಿದು ಜಾಗ ಬಿಟ್ಟರು.

ಅಂದಿನಿಂದ ಅವರು ಇಂಪ್ಲಾಂಟ್ ರಾಯರು. ಗೇಟಿನ ಹೊರಗೆ ಎಳನೀರಿನವನ ಹತ್ತಿರವೂ ಪಾಠ ನಡೆಯಿತು. ಅವನು ಕೆತ್ತಿ ಸ್ಟ್ರಾ ಚುಚ್ಚಿ ಕೊಟ್ಟರೆ ರಾಯರು ಹಾವು ಕಂಡವರಂತೆ ಹಿಂದಕ್ಕೆ ಸರಿದರು. “ಸ್ಟ್ರಾ ಹಾಕಿ ಹೀರಬಾರದಯ್ಯ. ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತೆ. ಜೋರಾಗಿ ಉಗುಳಲೂಬಾರದು. ಲೋಟ ಇದ್ಯಾ?” ಅವನ ಹತ್ತಿರ ಲೋಟವಿರಲಿಲ್ಲ. ಮಾರನೆಯ ದಿನ ರಾಯರು ಮನೆಯಿಂದಲೇ ಸ್ಟೀಲ್ ಲೋಟ ತಂದರು. ಗಾಯ ಮಾಗಿದ ಮೇಲೂ ಲೋಟ ಬಿಡಲಿಲ್ಲ. ಅದು ಅವರ ಪದಕ.

ಕಥೆಯೂ ಬೆಳೆಯುತ್ತಾ ಹೋಯಿತು. ಮೊದಲು ಅರ್ಧ ಗಂಟೆಯಿದ್ದ ಆಪರೇಷನ್ನು ದೀಪಾವಳಿ ಹೊತ್ತಿಗೆ ಎರಡೂವರೆ ಗಂಟೆಯಾಯಿತು. ಎರಡು ಹೊಲಿಗೆ ಏಳಾದವು. ಕೇಳಿ ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಯಾಕೆಂದರೆ ನನಗೂ ಒಂದು ದವಡೆ ಹಲ್ಲು ಹೋಗಿ ಎರಡು ವರ್ಷವಾಗಿತ್ತು. ಇವರ ವರ್ಣನೆ ಕೇಳಿದ ಮೇಲಂತೂ ಡಾಕ್ಟರ ಮನೆ ಮೆಟ್ಟಿಲು ಹತ್ತುವ ಧೈರ್ಯವೇ ಬರಲಿಲ್ಲ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಡಲು ಅವರ ಮನೆಗೆ ಹೋದೆ. ರಾಯರು ಒಳಗಿದ್ದರು. ಹಿಂದಿನ ವಾರವಷ್ಟೇ ಕ್ಯಾಪ್ ಕೂರಿಸಿದ್ದರಂತೆ; ಕೊಬ್ಬರಿ ಚೂರು ಕಟಕಟ ಅಗಿಯುವ ಸದ್ದು ಹೊರಗೇ ಕೇಳುತ್ತಿತ್ತು. “ಪಾಪ, ಬಹಳ ನೋವು ತಿಂದರು” ಅಂದೆ.

“ಯಾರು, ಇವರಾ?” ಅಂದರು ಅವರ ಹೆಂಡತಿ. “ಮರಗಟ್ಟೋ ಇಂಜೆಕ್ಷನ್ ಚುಚ್ಚಿದಾಗ ಚುರ್ ಅಂತಂತೆ. ಆಮೇಲೆ ಗುರ್ ಅನ್ನೋ ಸದ್ದು, ಒತ್ತಿದ ಹಾಗೆ, ಅಷ್ಟೇ. ಮನೆಗೆ ಬಂದು ಮಾತ್ರೆ ನುಂಗಿ ಗೊರಕೆ ಹೊಡೆದ್ರು. ಮೂರನೇ ದಿನ ಕೆನ್ನೇಲಿ ತಂಬಿಟ್ಟು ಇಟ್ಕೊಂಡ ಹಾಗೆ ಊದಿತ್ತು, ನಿಜ. ಮೊದಲೆರಡು ದಿನ ಐಸ್ ಬಟ್ಟೇಲಿ ಸುತ್ತಿ ಹಿಡಿದೋಳು ನಾನು, ಕೈ ಜೋಮು ಹಿಡಿದಿದ್ದೂ ನಂದು! ನಾಲ್ಕನೇ ದಿನ ಮಾತ್ರೆ ಬಿಟ್ರು, ಹತ್ತನೇ ದಿನ ಹೊಲಿಗೆ ಬಿಚ್ಚಿದ್ರು. ಇವರಿಗೆ ನೋವಾಗಿದ್ದು ರಾಗಿ ಅಂಬಲಿ ಕುಡಿಯೋಕೆ. ದೀಪಾವಳೀಲಿ ಚಕ್ಕುಲಿ ಡಬ್ಬದ ಮುಂದೆ ಕೂತು ನೋಡೋರು. ಇನ್ನೊಂದು ಕಡೆ ದವಡೇಲಿ ತಿನ್ನಿ ಅಂದ್ರೂ ಮುಟ್ಟಲಿಲ್ಲ. ಬೆಂಚಿನೋರು ಯಾರಾದ್ರೂ ಬಂದು ನೋಡಿಬಿಟ್ರೆ ಅಂತ!”

ಒಳಗೆ ಕಟಕಟ ನಿಂತಿತು.

ಮಾರನೆಯ ದಿನ ರಾಯರು ನನ್ನನ್ನು ಏರಿಯ ಕೊನೆವರೆಗೂ ಕರೆದುಕೊಂಡು ಹೋದರು. ಹಿಂದೆ ಮುಂದೆ ನೋಡಿ ಹೇಳಿದರು: “ನೋವೇನಿಲ್ಲ ಕಣಯ್ಯ, ಮಾಡಿಸ್ಕೋ. ಮೂಳೆ ಹಿಡ್ಕೊಳ್ಳೋಕೆ ಮೂರು ನಾಲ್ಕು ತಿಂಗಳು ಕಾಯಬೇಕು ನೋಡು, ಅದೊಂದೇ ಹಿಂಸೆ. ಸಿಗರೇಟಿದ್ರೆ ಬಿಡು. ಮೂರು ದಿನ ಕಳೆದ ಮೇಲೂ ನೋವು ಇಳಿಯೋ ಬದಲು ಏರಿದ್ರೆ, ಜ್ವರ ಬಂದ್ರೆ, ಕೀವು ಕಂಡ್ರೆ, ತುಟಿ ಜೋಮು ಬಿಡದೇ ಹೋದ್ರೆ ಸುಮ್ಮನೆ ಕೂರಬೇಡ, ಡಾಕ್ಟರ ಹತ್ರ ಓಡು. ಇದೆಲ್ಲ ನಿನಗೆ ಮಾತ್ರ. ಬೆಂಚಿನಲ್ಲಿ ಬಾಯಿ ಬಿಡಬೇಡ.”

ನಾನೂ ಮಾಡಿಸಿಕೊಂಡೆ. ಹಿಂದೆ ಆ ಹಲ್ಲು ಕೀಳಿಸಿದಾಗ ಪಟ್ಟ ಪಾಡಿನ ಕಾಲುಭಾಗವೂ ಇರಲಿಲ್ಲ. ನಾಲ್ಕನೇ ದಿನ ಮಾತ್ರೆ ಬೇಕಾಗಲಿಲ್ಲ. ಬೆಂಚಿನಲ್ಲಿ ಕೇಳಿದವರಿಗೆ ಮಾತ್ರ, ಮೂರು ವಾರ ಕಣ್ಣಿಗೆ ನಿದ್ದೆ ಹತ್ತಲಿಲ್ಲ ಅಂದೆ.

ರಾಯರು ಏನೂ ಹೇಳದೆ ಸ್ವಲ್ಪ ಸರಿದು ಕೂತರು. ನನಗೂ ಜಾಗವಾಯಿತು.