ಕಷಾಯದ ಮಾವ

ಕೆಮ್ಮು ಬಂದರೆ ಗುಟ್ಟಾಗಿ ಕೆಮ್ಮಬೇಕು. ನಮ್ಮ ಬಳಗದಲ್ಲಿ ಮಕ್ಕಳು ಮೊದಲು ಕಲಿಯುವ ಪಾಠವೇ ಇದು. ಮದುವೆಮನೆಯ ಊಟದಲ್ಲಿ ಯಾರೋ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಆಚೆ ಪಂಕ್ತಿಯ ತುದಿಯಲ್ಲಿ ಕೂತ ಕಷಾಯದ ಮಾವನ ಕಿವಿ ನೆಟ್ಟಗಾಗುತ್ತದೆ. ಎಲೆಯ ಮೇಲಿನ ಹೋಳಿಗೆ ಬಿಟ್ಟು ಏಳುವ ಪೈಕಿಯಲ್ಲ. ಅದಕ್ಕೆ ಇನ್ನೊಮ್ಮೆ ತುಪ್ಪ ಹಾಕಿಸಿಕೊಂಡು, ಮುಗಿಸಿ, ಕೈ ತೊಳೆದೇ ಬರುತ್ತಾರೆ. ಆದರೆ ಬಂದೇ ಬರುತ್ತಾರೆ. ಎಷ್ಟು ದಿನದಿಂದ ಕೆಮ್ಮು, ಜ್ವರ ಇದೆಯೇ ಎಂದೆಲ್ಲ ವಿಚಾರಿಸುವುದು ಡಾಕ್ಟರುಗಳ ಕೆಲಸ. ಮಾವನದು ಒಂದೇ ಪ್ರಶ್ನೆ: "ರಾತ್ರಿ ಮೊಸರು ತಿಂದ್ಯಾ?"

ತಿಂದೆ ಎಂದರೆ ರೋಗದ ಮೂಲ ಸಿಕ್ಕಿತು. ತಿಂದಿಲ್ಲ ಎಂದರೆ, "ಹಾಗಾದ್ರೆ ಬಾಳೆಹಣ್ಣು ತಿಂದಿರ್ತೀಯ." ಅದೂ ಇಲ್ಲವೆಂದರೆ ನೀವು ಸುಳ್ಳು ಹೇಳುತ್ತಿದ್ದೀರಿ.

ಇಂಥವರು ಮನೆತನಕ್ಕೊಬ್ಬರಂತೆ ಇದ್ದೇ ಇದ್ದಾರೆ. ನಮ್ಮ ಮನೆತನದಲ್ಲಿ ಯಾರೂ ಇಲ್ಲವಲ್ಲ ಎನ್ನುವವರು ಒಮ್ಮೆ ಕನ್ನಡಿ ನೋಡಿಕೊಳ್ಳುವುದು ಒಳ್ಳೆಯದು. ನಮ್ಮವರು ಮೈಸೂರಿನವರು, ನನ್ನ ಸೋದರತ್ತೆಯ ಯಜಮಾನರು. ಬ್ಯಾಂಕಿನಲ್ಲಿದ್ದಷ್ಟು ಕಾಲ ತಲೆ ನೋಯುವ ಮೊದಲೇ ಮಾತ್ರೆ ನುಂಗುತ್ತಿದ್ದರು. ನಿವೃತ್ತಿಯ ಹಾರ ಬಾಡುವ ಮೊದಲೇ ಅವರಿಗೆ ಆಯುರ್ವೇದ ಹೊಳೆಯಿತು. ಬಡ್ಡಿ ಲೆಕ್ಕದಲ್ಲಿ ಪಳಗಿದ ತಲೆಯಾದ್ದರಿಂದ ಸಿದ್ಧಾಂತವೂ ಅದೇ ಧಾಟಿಯಲ್ಲಿ ಬಂತು: ಒಂದು ಚಮಚ ಒಳ್ಳೆಯದಾದರೆ ಮೂರು ಚಮಚ ಮೂರು ಪಟ್ಟು ಒಳ್ಳೆಯದು, ಕಹಿಯಾದಷ್ಟೂ ಗುಣ ಹೆಚ್ಚು.

ಮಾವನ ವೈದ್ಯದಲ್ಲಿ ಕಾಯಿಲೆಗಳು ಬಹಳ ಇಲ್ಲ. ಉಷ್ಣ, ಶೀತ, ವಾಯು, ಅಷ್ಟೆ. ಬಾಯಿಹುಣ್ಣು ಉಷ್ಣ, ಕಣ್ಣುರಿ ಉಷ್ಣ, ಪಕ್ಕದ ಮನೆ ಹುಡುಗ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದೂ ತಲೆಗೆ ಹರಳೆಣ್ಣೆ ಕಾಣಿಸದೆ ಏರಿದ ಉಷ್ಣ. ಬೆನ್ನು, ಮಂಡಿ, ಎದೆ, ಎಲ್ಲಿ ಹಿಡಿದುಕೊಂಡರೂ ವಾಯು. (ಎದೆ ಹಿಡಿದುಕೊಂಡವರ ವಿಷಯದಲ್ಲಿ ಮಾತ್ರ ಮಾವ ಇಂಗು ಹುಡುಕಲು ಒಳಗೆ ಹೋದಾಗ ನಾವು 108ಕ್ಕೆ ಫೋನ್ ಮಾಡಿಬಿಡುವುದೆಂದು ಬಳಗದಲ್ಲಿ ಒಪ್ಪಂದವಾಗಿದೆ.)

ದಿನ ಶುರುವಾಗುವುದು ತಾಮ್ರದ ಚೆಂಬಿನಿಂದ. ಇದರಲ್ಲಿ ಅವರನ್ನು ಪೂರ್ತಿ ಆಡಿಕೊಳ್ಳುವಂತಿಲ್ಲ. ಕುಡಿಯುವ ನೀರನ್ನು ಹದಿನಾರು ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟರೆ ಭೇದಿ ತರುವ ರೋಗಾಣುಗಳು ಸಾಯುತ್ತವೆಂದು ಬೆಂಗಳೂರಿನ ಸಂಶೋಧಕರೇ 2012ರಲ್ಲಿ ಬರೆದಿದ್ದಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಮಾವ ಮಾವನಾಗುತ್ತಿರಲಿಲ್ಲ. ನಿಂಬೆಹಣ್ಣೂ ಒಳ್ಳೆಯದಲ್ಲವೇ, ಅದನ್ನೂ ರಾತ್ರಿಯೇ ಚೆಂಬಿಗೆ ಹಿಂಡಿಟ್ಟರು. ಬೆಳಿಗ್ಗೆ ಅದನ್ನು ಕುಡಿದು, ಹತ್ತು ನಿಮಿಷಕ್ಕೆಲ್ಲ ಹೊಟ್ಟೆ ತೊಳಸಿ ಬಚ್ಚಲಿಗೆ ಓಡಿದರು. ಹೊರಗೆ ಬಂದಾಗ ಮುಖದಲ್ಲಿ ಬೆವರು, ಬಾಯಲ್ಲಿ ವಿಜಯ. "ನೋಡಿದ್ರಾ, ದೇಹದಲ್ಲಿದ್ದ ವಿಷ ಎಲ್ಲ ಹೊರಗೆ ಬಂತು."

ಅತ್ತೆ ಸಾರಿಗೆ ಬೇಳೆ ತೊಳೆಯುತ್ತಿದ್ದವರು ತಿರುಗಿ ಕೂಡ ನೋಡಲಿಲ್ಲ. "ಹುಣಸೆಹುಳಿ ಹಾಕಿ ತಿಕ್ಕಿದ್ರೆ ತಾಮ್ರದ ಕಿಲುಬು ಬಿಡೋದು ನೀವು ನೋಡಿಲ್ವಾ? ಒಳಗೆ ಹುಳಿ ಹಾಕಿಟ್ರೂ ಹಾಗೇ ಬಿಡುತ್ತೆ. ನೀವು ಕುಡಿದದ್ದು ಅದನ್ನೇ."

ಔಷಧದಿಂದ ಆದ ತೊಂದರೆಯೆಲ್ಲ ವಿಷ ಹೊರಗೆ ಹೋಗುತ್ತಿರುವ ಲಕ್ಷಣ, ತೊಂದರೆ ಆಗದಿದ್ದರೆ ಔಷಧ ಹತ್ತಿದ ಲಕ್ಷಣ. ಮಾವನ ಈ ತರ್ಕವನ್ನು ಇವತ್ತಿನವರೆಗೆ ಯಾವ ಕಾಯಿಲೆಯೂ ಸೋಲಿಸಿಲ್ಲ.

ಆಮೇಲೆ ಕುಕ್ಕರಹಳ್ಳಿ ಕೆರೆಯ ಮೇಲೆ ವಾಕಿಂಗು. ಕೈಗಡಿಯಾರದಲ್ಲಿ ಹತ್ತು ಸಾವಿರ ಹೆಜ್ಜೆ ತುಂಬಲೇಬೇಕು. ಅದು ಋಷಿಗಳ ಲೆಕ್ಕವೆಂದು ಮಾವ ಹೇಳುವುದನ್ನು ಕೇಳಿದ್ದೇನೆ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಇಟ್ಟುಕೊಂಡ ಹೆಸರಿನಿಂದ ಬಂದ ಸಂಖ್ಯೆ ಅದು. ಹೇಳಿದರೆ, "ಜಪಾನಿಗೆ ಬೌದ್ಧ ಭಿಕ್ಷುಗಳು ಹೋಗಿರಲಿಲ್ವೇ?" ಎನ್ನುತ್ತಾರೆ. ನಾನು ಹೇಳುವುದನ್ನು ಬಿಟ್ಟೆ. ನಡಿಗೆಯಂತೂ ಒಳ್ಳೆಯದೇ, ಅದೂ ಅಲ್ಲದೆ ಅಷ್ಟು ಹೊತ್ತು ಅವರು ಮನೆಯಿಂದ ಹೊರಗಿರುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಶತಪದ, ಅದರ ಮೇಲೆ ವಾಮಕುಕ್ಷಿ. ಎಡಮಗ್ಗುಲಿಗೆ ಮಲಗಿದರೆ ಹುಳಿತೇಗು ಕಡಿಮೆಯಾಗುವುದು ನಿಜ. ಆದರೆ ನೂರು ಹೆಜ್ಜೆಯಲ್ಲಿ ಮಾವ ಮಂಚದ ತನಕದ ಹದಿನೈದನ್ನು ಇಟ್ಟು ಉಳಿದದ್ದನ್ನು ಬಾಕಿ ಇರಿಸಿಕೊಳ್ಳುತ್ತಾರೆ, ವಾಮಕುಕ್ಷಿಯನ್ನು ಮಾತ್ರ ನಾಲ್ಕು ಗಂಟೆಯ ಕಾಫಿಯವರೆಗೆ ಎಳೆಯುತ್ತಾರೆ.

ಮಾವನನ್ನು ಪೂರ್ಣಪ್ರಭೆಯಲ್ಲಿ ಕಾಣಬೇಕಾದರೆ ಆಸ್ಪತ್ರೆಯ ವಾರ್ಡಿಗೆ ಬರಬೇಕು. ನಮ್ಮ ಚಿಕ್ಕಪ್ಪನ ಮಗನಿಗೆ ಡೆಂಗಿ ಆಗಿತ್ತು. ಮಾವ ಬಟ್ಟೆಚೀಲದಲ್ಲಿ ಸ್ಟೀಲಿನ ಫ್ಲಾಸ್ಕ್ ಇಟ್ಟುಕೊಂಡು ಬಂದರು. ಒಳಗೆ ಪರಂಗಿ ಎಲೆಯ ರಸ. ನರ್ಸಮ್ಮ ಅತ್ತ ಹೋದ ಕೂಡಲೇ ಮುಚ್ಚಳಕ್ಕೆ ಬಗ್ಗಿಸಿದರು. ಗಾಢ ಹಸಿರು, ಹುಡುಗ ಒಂದು ಗುಟುಕು ಕುಡಿದು ಮುಖವನ್ನು ಹಿಂಡಿದ ಬಟ್ಟೆ ಮಾಡಿಕೊಂಡ. ಎರಡು ದಿನದಲ್ಲಿ ಪ್ಲೇಟ್‌ಲೆಟ್ ಏರಿತು. ಡೆಂಗಿಯಲ್ಲಿ ಕೆಟ್ಟ ಘಟ್ಟ ದಾಟಿದ ಮೇಲೆ ಅದು ತಾನಾಗಿಯೇ ಏರುತ್ತದೆ, ಅಲ್ಲಿಯವರೆಗೆ ಮೈಯಲ್ಲಿ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಮುಖ್ಯ ಎಂದು ಡಾಕ್ಟರು ವಿವರಿಸಿದರು. ಯಾರು ಕೇಳಬೇಕು? ಯಶಸ್ಸಿಗೆ ಆಗಲೇ ಮೂವರು ಹಕ್ಕುದಾರರು. ಚಿಕ್ಕಮ್ಮ ಚಾಮುಂಡಿಗೆ ಹರಕೆ ಹೊತ್ತಿದ್ದರು, ಹುಡುಗನ ಸ್ನೇಹಿತರು ಕಿವಿ ಹಣ್ಣು ತಂದಿದ್ದರು, ಮಾವ ಎಲೆ ಅರೆದಿದ್ದರು. ಗೆದ್ದದ್ದು ಮಾವನೇ, ಏಕೆಂದರೆ ಬಳಗದವರಿಗೆಲ್ಲ ಮೊದಲು ಫೋನ್ ಮಾಡಿದವರು ಅವರು.

ಕೊರೊನಾ ಕಾಲವಂತೂ ಅವರ ಸುವರ್ಣಯುಗ. 2020ರಲ್ಲಿ ಆಯುಷ್ ಸಚಿವಾಲಯ ತುಳಸಿ, ಚಕ್ಕೆ, ಮೆಣಸು, ಶುಂಠಿಯ ಕಷಾಯ ಕುಡಿಯಿರಿ ಎಂದದ್ದನ್ನು ಮಾವ ತಮಗೆ ಬಂದ ಸರ್ಕಾರಿ ಮನ್ನಣೆ ಎಂದೇ ತಿಳಿದರು. ಅಮೃತಬಳ್ಳಿಯನ್ನು ಕಾಂಪೌಂಡಿಗೆ ಹಬ್ಬಿಸಿ ರಸ್ತೆಗೆಲ್ಲ ಹಂಚಿದರು. ಮರುವರ್ಷ ಮುಂಬಯಿಯ ವೈದ್ಯರು, ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟಾದ ಕೆಲವು ರೋಗಿಗಳ ಬಗ್ಗೆ ವರದಿ ಬರೆದರು; ಸಚಿವಾಲಯ ಅದನ್ನು ಒಪ್ಪಲಿಲ್ಲ. ಮಾವ ಪೇಪರಿನಲ್ಲಿ ಒಪ್ಪದ ಭಾಗವನ್ನಷ್ಟೇ ಕತ್ತರಿಸಿ ಫೈಲು ಮಾಡಿದ್ದಾರೆ.

ಅರಿಶಿನದ ಕಥೆ ಅವರ ಬಾಯಲ್ಲೇ ಕೇಳಬೇಕು. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದವರಿಗೆ ಪೇಟೆಂಟ್ ಸಿಕ್ಕಿದ್ದು, ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿದ್ದು, ಎಲ್ಲ ಸರಿಯಾಗಿಯೇ ಹೇಳುತ್ತಾರೆ. ಕೇಳುವವರಿಗೆ ಮಾತ್ರ ವಕೀಲರ ಪಕ್ಕದಲ್ಲಿ ಇವರೂ ಕೂತಿದ್ದರೆಂದು ಅನಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ, ಮೆಣಸಿನ ಸತ್ವ ಸೇರಿಸಿದರೆ ಅರಿಶಿನದ ಸತ್ವ ರಕ್ತಕ್ಕೆ ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತದೆಂದು ತೋರಿಸಿದ್ದನ್ನು ಎಲ್ಲೋ ಓದಿದರು. ಅಂದು ರಾತ್ರಿ ಎಲ್ಲರ ಹಾಲಿಗೂ ಒಂದೊಂದು ಚಮಚ ಮೆಣಸಿನ ಪುಡಿ ಬಿತ್ತು. ಮೊಮ್ಮಗಳು ಅಳುತ್ತಾ ಮಲಗಿದಳು.

ಅತ್ತೆಯ ಅರಿಶಿನದ ಹಾಲಿಗೆ ಮೆಣಸು ಮೊದಲಿನಿಂದಲೂ ಬೀಳುತ್ತಿತ್ತು. ಎರಡು ಕಾಳು, ಜಜ್ಜಿ. ಅವರ ಅಮ್ಮ ಹಾಗೆ ಮಾಡುತ್ತಿದ್ದರು, ಇವರೂ ಮಾಡುತ್ತಾರೆ. ಯಾರಿಗೂ ಫೋನ್ ಮಾಡುವುದಿಲ್ಲ. ಆ ಮನೆಯಲ್ಲಿ ಮದ್ದು ಊಟದಲ್ಲೇ ಬೆರೆತು ಬರುತ್ತದೆ. ಹೊಟ್ಟೆ ಕೆಟ್ಟ ದಿನ ದಾಳಿಂಬೆ ಸಿಪ್ಪೆಯ ತಂಬುಳಿ, ಶೀತದ ದಿನ ಮೆಣಸಿನ ಸಾರು, ಬಿಸಿಲಿಗೆ ಒಂದೆಲಗ. ವಾಂತಿಭೇದಿ ಆದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತುಂಬಿದ ಮೇಲೆ ಬೆರಳಿನಿಂದ ಮಟ್ಟ ಮಾಡಿಯೇ ಹಾಕುತ್ತಾರೆ. ಮೊಮ್ಮಗುವಿಗೆ ವರ್ಷ ತುಂಬುವ ಮೊದಲು ಜೇನು ನೆಕ್ಕಿಸಬಾರದೆಂದು ಡಾಕ್ಟರು ಹೇಳಿದ ದಿನವೇ, ಬಾಣಂತಿ ಕೋಣೆಯಲ್ಲಿದ್ದ ಜೇನಿನ ಬಾಟಲಿ ಅಡುಗೆಮನೆಯ ಮೇಲಟ್ಟ ಸೇರಿತು. ಮನೆಮದ್ದಿನ ಮುಕ್ಕಾಲು ಪಾಲು ಅಳತೆ ಎನ್ನುವುದು ಅತ್ತೆಯ ಬಳಿ ಕೂತರೆ ಗೊತ್ತಾಗುತ್ತದೆ. ಮಾವನ ಬಳಿ ಕೂತರೆ ಮುಕ್ಕಾಲು ಪಾಲು ಭಾಷಣ.

ಇಬ್ಬರೂ ನೇರ ಎದುರುಬದುರಾದದ್ದು ಸೋರೆಕಾಯಿಯ ದಿನ. ಮಾವ ಕೊಲೆಸ್ಟರಾಲಿಗೆಂದು ಸೋರೆಕಾಯಿ ರಸ ಶುರುಮಾಡಿದ್ದರು. ಅಂದು ಲೋಟ ತುಟಿಗಿಟ್ಟವರೇ ಮುಖ ಅರಳಿಸಿದರು. "ಆಹಾ, ಏನು ಕಹಿ! ನಾಟಿ ಕಾಯಿ ಅಂದ್ರೆ ಇದು." ಅತ್ತೆ ಎರಡೇ ಹೆಜ್ಜೆಗೆ ಬಂದು ಲೋಟ ಕಿತ್ತುಕೊಂಡು ಸಿಂಕಿಗೆ ಸುರಿದರು.

"ಸೋರೆಕಾಯಿ ಕಹಿ ಇದ್ರೆ ವಿಷ ಕಣ್ರೀ. ತುದಿ ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡದೆ ಯಾರು ಬಳಸ್ತಾರೆ?"

ಅತ್ತೆ ಹೇಳಿದ್ದೇ ಸರಿ. ಕಹಿ ಸೋರೆಕಾಯಲ್ಲಿರುವ ಕುಕುರ್ಬಿಟಾಸಿನ್ ರಕ್ತವಾಂತಿ ಮಾಡಿಸಿ ಪ್ರಾಣಕ್ಕೇ ಎರವಾದದ್ದುಂಟು. ಕಹಿ ರಸ ಕುಡಿಯಲೇಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೂ ಹೇಳಿದೆ. ಆ ಸಮಿತಿಯ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಾಯಿಯ ತುದಿ. ಮಾವ ಸ್ವಲ್ಪ ಹೊತ್ತು ಸಿಂಕನ್ನೇ ನೋಡುತ್ತ ನಿಂತು, "ಹಾಗಲಕಾಯಿ ಇದೆಯೇನೇ?" ಎಂದರು.

ಇಷ್ಟೆಲ್ಲ ಮಾತಾಡುವ ಗಂಟಲು ಒಣಗದಿರುತ್ತದೆಯೇ? ಅದಕ್ಕೂ ಮದ್ದು ಕಂಡುಕೊಂಡಿದ್ದರು. ಗ್ರಂಥಿಗೆ ಅಂಗಡಿಯಿಂದ ಜ್ಯೇಷ್ಠಮಧುವಿನ ಕಡ್ಡಿ ತಂದು ಜುಬ್ಬದ ಜೇಬಿನಲ್ಲಿಟ್ಟುಕೊಂಡು ಹಗಲೆಲ್ಲ ಜಗಿಯುತ್ತಿದ್ದರು. ಅದೇ ಸಮಯಕ್ಕೆ ಅವರ ಬೀಪಿ ಮೇಲೇರಿ ಕೂತಿತು. ಡಾಕ್ಟರು ಒಂದು ಮಾತ್ರೆ ಹೆಚ್ಚಿಸಿದರು, ಇಳಿಯಲಿಲ್ಲ. ಇನ್ನೊಂದು ಹೆಚ್ಚಿಸಿದರು. ಮಾತ್ರೆಗಳನ್ನು ಮಾವ ಚಾಚೂ ತಪ್ಪದೆ ನುಂಗುತ್ತಾರೆ, ಅದರಲ್ಲಿ ಮುಚ್ಚುಮರೆಯಿಲ್ಲ. ಬೀಪಿ ಇಳಿದರೆ ಕೀರ್ತಿ ಕಷಾಯಕ್ಕೆ, ಏರಿದರೆ ಅಪಕೀರ್ತಿ ಮಾತ್ರೆಗೆ. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ಪೊಟ್ಯಾಸಿಯಂ ಕಡಿಮೆ ಬಂತು. ಬೇರೇನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು.

"ಇಲ್ಲ, ಏನೂ ಇಲ್ಲ," ಎಂದರು ಮಾವ. ಊರಿಗೆಲ್ಲ ಔಷಧವಾದದ್ದು ಡಾಕ್ಟರ ಮುಂದೆ ಆಹಾರ.

ಜೊತೆಯಲ್ಲಿದ್ದ ಅತ್ತೆ, "ಬಾಯಲ್ಲಿ ಸದಾ ಜ್ಯೇಷ್ಠಮಧು ಇರುತ್ತೆ ಡಾಕ್ಟ್ರೇ, ಈಗಲೂ ಇದೆ," ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ಅದನ್ನು ದಿನವೂ ಜಗಿದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿದು ಬೀಪಿ ಏರುತ್ತದೆ, ಇವತ್ತಿಗೇ ನಿಲ್ಲಿಸಿ ಎಂದು ಬಿಡಿಸಿ ಹೇಳಿದರು. ಮಾವ ತಲೆತಗ್ಗಿಸಿ ಕೇಳಿಸಿಕೊಂಡರು. ಅವರು ಅಷ್ಟು ಗಮನವಿಟ್ಟು ಇನ್ನೊಬ್ಬರ ಮಾತು ಕೇಳಿದ್ದನ್ನು ಅತ್ತೆ ಮದುವೆಯಾದಾಗಿನಿಂದ ನೋಡಿರಲಿಲ್ಲವಂತೆ.

ಅತ್ತೆ ಫೀಸು ಕೊಟ್ಟು, ಚೀಟಿ ಮಡಚಿಕೊಂಡು ಹೊರಗೆ ಬರುವಷ್ಟರಲ್ಲಿ ಮಾವ ಕಾಯುವವರ ಬೆಂಚಿನಲ್ಲಿ ಕೂತಾಗಿತ್ತು. ಪಕ್ಕದಲ್ಲಿ ಯಾರೋ ಬಡಕಲು ಹೆಂಗಸು, ತಲೆಸುತ್ತೆಂದು ಬಂದವರು. ಮಾವ ಜೇಬಿಗೆ ಕೈಹಾಕಿ ಉಳಿದ ಕಡ್ಡಿಗಳನ್ನೆಲ್ಲ ಅವರ ಕೈಗಿಡುತ್ತಿದ್ದರು.

"ಲೋ ಬೀಪಿನೇನಮ್ಮಾ? ಇದನ್ನ ಜಗೀರಿ. ಬೀಪಿ ಏರಿಸೋದ್ರಲ್ಲಿ ಇದಕ್ಕೆ ಸಮ ಇಲ್ಲ. ನಾನು ಹೇಳ್ತಿಲ್ಲ, ಈಗ ತಾನೇ ಒಳಗೆ ಡಾಕ್ಟ್ರೇ ಒಪ್ಕೊಂಡ್ರು."